ಟ್ರ್ಯಾಕ್ಟರಿನ ಜೋಡಿ ಬ್ರೇಕುಗಳು

ಹೊಲದಲ್ಲಿ ಹತ್ತಾರು ವರ್ಷ ಟ್ರ್ಯಾಕ್ಟರು ನಡೆಸಿ ಪಳಗಿದವನೇ ರಸ್ತೆಗೆ ಬಂದಾಗ ಅದನ್ನು ಮಗುಚಿಕೊಳ್ಳುವುದುಂಟು. ದೈವವನ್ನು ನಿಂದಿಸಿ ಸುಮ್ಮನಾಗುವುದು ವಾಡಿಕೆ. ಆದರೆ ಚಾಲಕನ ಬಲಪಾದದ ಬಳಿಯಲ್ಲಿರುವ ಒಂದು ಸಣ್ಣ ಕಬ್ಬಿಣದ ಅಗುಳಿಯನ್ನು ಹಾಕದೆ ಬಿಟ್ಟದ್ದೇ ಕೆಲವು ವೇಳೆ ಇದಕ್ಕೆ ಕಾರಣವಾಗಿರುತ್ತದೆ.

ಮೋಟಾರು ಕಾರಿಗೆ ಬ್ರೇಕಿನ ಪೆಡಲು ಒಂದೇ, ಟ್ರ್ಯಾಕ್ಟರಿಗೆ ಎರಡು. ಎಡಗಡೆಯದನ್ನು ತುಳಿದರೆ ಹಿಂದಿನ ಎಡಚಕ್ರವೂ, ಬಲಗಡೆಯದನ್ನು ತುಳಿದರೆ ಬಲಚಕ್ರವೂ ಮಾತ್ರ ನಿಲ್ಲುವುವು. ಉಳುಮೆಗೆ ಇದು ಬಹು ಉಪಯುಕ್ತವಾದ ಏರ್ಪಾಡು. ಸಾಲಿನ ಕೊನೆಯಲ್ಲಿ ಒಳಮಗ್ಗುಲಿನ ಚಕ್ರವನ್ನು ತಡೆದರೆ, ಜೋಡಿಯಲ್ಲಿ ಒಳಗಿನ ಎತ್ತು ನಿಂತು ಹೊರಗಿನದು ಸುತ್ತಿ ಬರುವಂತೆ, ಟ್ರ್ಯಾಕ್ಟರು ಸ್ವಲ್ಪ ಜಾಗದಲ್ಲಿಯೇ ತಿರುಗುವುದು. ಬದುವಿನ ಪಕ್ಕದಲ್ಲಿ ಉಳದೆ ಉಳಿಯುವ ನೆಲವೂ ಕಡಿಮೆಯಾಗುವುದು.

ಇದೇ ಏರ್ಪಾಡು ರಸ್ತೆಯಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಕಬ್ಬು ತುಂಬಿದ ಟ್ರೇಲರನ್ನು ಎಳೆಯುತ್ತ ನಾಲೆಯ ಏರಿಯ ಮೇಲೆ ಬರುವಾಗ ದನವೊಂದು ಅಡ್ಡಬಂದರೆ, ಚಾಲಕನು ಗಾಬರಿಯಿಂದ ಸಿಕ್ಕಿದ ಪೆಡಲನ್ನು ತುಳಿಯುವನು. ಅದು ಬಲಗಡೆಯದೊಂದೇ ಆಗಿದ್ದರೆ ಟ್ರ್ಯಾಕ್ಟರು ಥಟ್ಟನೆ ಬಲಕ್ಕೆ ಹೊರಳುವುದು. ಹಿಂದಿನಿಂದ ಟ್ರೇಲರಿನ ಭಾರವು ನೂಕುವುದು. ಆದಕಾರಣ ಹೊಲದಿಂದ ಹೊರಡುವ ಮುನ್ನ ಎರಡು ಪೆಡಲುಗಳನ್ನೂ ಅಗುಳಿಯಿಂದ ಕೂಡಿಸತಕ್ಕದ್ದು. ಅಷ್ಟರಿಂದಲೇ ತೃಪ್ತಿಪಡಲಾಗದು. ಉಳುಮೆಯಲ್ಲಿ ಯಾವಾಗಲೂ ಒಂದೇ ಕಡೆಗೆ ತಿರುಗಿಸುವ ಅಭ್ಯಾಸವಿದ್ದರೆ ಆ ಕಡೆಯ ಬ್ರೇಕು ಹೆಚ್ಚಾಗಿ ಸವೆದಿರುತ್ತದೆ. ಕೂಡಿಸಿದ ಮೇಲೂ ವಾಹನವು ಒಂದು ಪಕ್ಕಕ್ಕೆ ಎಳೆಯುವುದು. ಟ್ರೇಲರನ್ನು ಬಿಚ್ಚಿ, ಸಮನೆಲದಲ್ಲಿ ನಿಧಾನವಾಗಿ ನಡೆಸಿ, ಬ್ರೇಕು ಹಾಕಿದಾಗ ನೆಟ್ಟಗೆ ನಿಲ್ಲುವುದೇ ಎಂದು ನೋಡಿದರೆ ಈ ದೋಷವು ಗೊತ್ತಾಗುವುದು.

ಎಣ್ಣೆ ಉಳಿಸುವ ನೆಪದಿಂದ ಇಳಿಜಾರಿನಲ್ಲಿ ಗೇರನ್ನು ತಪ್ಪಿಸಿ ಬಿಡುವುದು ಮತ್ತೊಂದು ದುರಭ್ಯಾಸ. ಹೀಗೆ ಉಳಿದ ಎಣ್ಣೆಯ ಬೆಲೆ ಒಂದು ಎಳನೀರಿಗೂ ಸಾಲದು! ಇಳಿಯುವುದಕ್ಕೆ ಮೊದಲೇ ಕೆಳಗಿನ ಗೇರನ್ನು ಹಾಕಿದರೆ ಇಂಜಿನ್ನೇ ಭಾರವನ್ನು ತಡೆಯುವುದು. ನಡುದಾರಿಯಲ್ಲಿ ಕ್ಲಚ್ಚನ್ನು ಒತ್ತಿದರೆ ಆ ತಡೆಯು ತಪ್ಪಿಹೋಗಿ, ಎಲ್ಲ ಭಾರವೂ ಬ್ರೇಕುಗಳ ಮೇಲೆ ಬೀಳುವುದು.

ಸ್ವೀಡನ್ ದೇಶದಲ್ಲಿ 1959ರಿಂದ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯಮಾಡಿದ ತರುವಾಯ, ಮಗುಚಿ ಸಾಯುವವರ ಸಂಖ್ಯೆಯು ಬಹಳವಾಗಿ ಇಳಿಯಿತು. ಅಂತಹ ಚೌಕಟ್ಟುಳ್ಳ ಟ್ರ್ಯಾಕ್ಟರಿನಲ್ಲಿ ಸೊಂಟದ ಪಟ್ಟಿಯನ್ನು ಕಟ್ಟಿಕೊಂಡೇ ಕುಳಿತಿರತಕ್ಕದ್ದು. ವಾಹನವು ವಾಲಿದಾಗ ಹಾರುವವನು ಅದರ ಅಡಿಗೇ ಬೀಳುವ ಸಂಭವವಿದೆ. ಚೌಕಟ್ಟಿಲ್ಲದ ಹಳೆಯ ಟ್ರ್ಯಾಕ್ಟರಿನಲ್ಲಿ ಪಟ್ಟಿಯನ್ನು ಕಟ್ಟಲಾಗದು.

ಮಡ್‌ಗಾರ್ಡಿನ ಮೇಲೆ ಆಳುಗಳನ್ನು ಕೂರಿಸುವುದನ್ನು ಊರಿನ ಹಿರಿಯರು ಕಂಡೂ ಕಾಣದಂತಿರುವರು. ಅವರು ಬೀಳುವ ಭಯವೊಂದು ಕಡೆ. ಬಲಮಗ್ಗುಲಲ್ಲಿ ಕುಳಿತವನ ಕಾಲು ಬ್ರೇಕಿಗೆ ಅಡ್ಡಬರುವುದು ಇನ್ನೊಂದು ಕಡೆ. ಮತ್ತೊಬ್ಬರಿಂದ ಕೊಂಡ ಟ್ರ್ಯಾಕ್ಟರುಗಳಲ್ಲಿ ಅಗುಳಿಯು ತುಕ್ಕು ಹಿಡಿದಿರಬಹುದು, ಇಲ್ಲವೇ ಬಿದ್ದುಹೋಗಿ ಅದರ ಸ್ಥಾನದಲ್ಲಿ ತಂತಿಯನ್ನು ಸುತ್ತಿರಬಹುದು. ಕಬ್ಬಿನ ಸಾಗಣೆ ಮೊದಲಾಗುವ ಮುನ್ನ ಯಜಮಾನರು ಆಳನ್ನು ಕೇಳಿ ತಿಳಿಯದೆ, ತಾವೇ ಬಗ್ಗಿ ಅದನ್ನು ನೋಡಿ, ಮೆಕ್ಯಾನಿಕ್ಕಿನಿಂದ ಹೊಸ ಅಗುಳಿಯನ್ನು ಹಾಕಿಸತಕ್ಕದ್ದು.