ಚಿತ್ರಕಥೆಯ ಹೆಚ್ಚುವರಿ ಪ್ರತಿಗಳು: ಇಟ್ಟುಕೊಳ್ಳುವುದೆ, ಕಳಿಸಿಕೊಡುವುದೆ?

ಚಿತ್ರಕಥೆಯ ಪುಸ್ತಕಗಳನ್ನು ಕೂಡಿಡುವ ಹವ್ಯಾಸ ನಮ್ಮ ಪಟ್ಟಣಗಳ ಮನೆಗಳಿಗೆ ಹೊಸದಲ್ಲ. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚೀಟಿ ಇವುಗಳ ಸಾಲಿಗೆ ಕಾಮಿಕ್ಸ್ ಪುಸ್ತಕಗಳೂ ಸೇರಿ ಅರ್ಧ ಶತಮಾನಕ್ಕೆ ಮೇಲಾಯಿತು. ಆದರೆ ಅಂಚೆಚೀಟಿಗೆ ಒಂದು ಆಲ್ಬಂ ಸಾಕು. ಕಾಮಿಕ್ಸ್ ಪುಸ್ತಕಕ್ಕೆ ಮೊದಲು ಪೆಟ್ಟಿಗೆ ಬೇಕು, ಆಮೇಲೆ ಬೀರು ಬೇಕು, ಕೊನೆಗೆ ಅಟ್ಟವೇ ಬೇಕು. ಹೀಗೆ ಅಟ್ಟ ಸೇರಿದ ಪೆಟ್ಟಿಗೆಗಳನ್ನು ಎಂದಾದರೊಂದು ದಿನ ಕೆಳಗಿಳಿಸಿ ನೋಡಿದರೆ, ಒಂದೇ ಸಂಚಿಕೆಯ ಎರಡು ಮೂರು ಪ್ರತಿಗಳು ಮೇಲಿಂದ ಮೇಲೆ ಕೈಗೆ ಸಿಗುತ್ತವೆ. ಇವುಗಳನ್ನು ಏನು ಮಾಡಬೇಕು? ಎಸೆಯಲು ಮನಸ್ಸು ಬಾರದು, ಇಡಲು ಸ್ಥಳವಿಲ್ಲ, ಮಾರಿದರೆ ಎಷ್ಟು ಬಂದೀತೆಂಬುದೂ ತಿಳಿಯದು. ಈ ಪ್ರಶ್ನೆಯನ್ನು ಕ್ರಮವಾಗಿ ನೋಡೋಣ.

ಪ್ರತಿಗಳು ಹೆಚ್ಚುವುದು ಹೇಗೆ?

ಬೇಕೆಂದು ಎರಡೆರಡು ಪ್ರತಿ ಕೊಳ್ಳುವವರು ಕಡಿಮೆ. ಒಂದು ಮನೆಯಲ್ಲಿ ಅಣ್ಣ ತನ್ನದನ್ನು ಕೂಡಿಟ್ಟಿರುತ್ತಾನೆ, ತಂಗಿ ತನ್ನದನ್ನು ಕೂಡಿಟ್ಟಿರುತ್ತಾಳೆ. ಮುಂದೆ ಎರಡೂ ಪೆಟ್ಟಿಗೆ ಒಂದೇ ಅಟ್ಟಕ್ಕೆ ಸೇರುತ್ತವೆ. ಹುಟ್ಟುಹಬ್ಬಕ್ಕೆ ಸೋದರಮಾವ ತಂದುಕೊಟ್ಟ ಪುಸ್ತಕವನ್ನೇ ಚಿಕ್ಕಪ್ಪನೂ ತಂದುಕೊಡುತ್ತಾರೆ. ರೈಲುನಿಲ್ದಾಣದ ಪುಸ್ತಕದಂಗಡಿಯಲ್ಲಿ ಅವಸರದಿಂದ ಕೊಂಡದ್ದು ಮನೆಯಲ್ಲಿ ಆಗಲೇ ಇರುತ್ತದೆ. ಹವ್ಯಾಸ ಬಲಿತವರ ದಾರಿ ಇನ್ನೊಂದು. ತಮ್ಮಲ್ಲಿಲ್ಲದ ಒಂದು ಸಂಚಿಕೆಗಾಗಿ ಹಳೆಯ ಪುಸ್ತಕದ ಅಂಗಡಿಯಲ್ಲಿ ಐವತ್ತು ಪುಸ್ತಕಗಳ ಕಟ್ಟನ್ನೇ ಕೊಳ್ಳುತ್ತಾರೆ. ಬೇಕಾದದ್ದು ಒಂದು, ಮನೆಗೆ ಬಂದದ್ದು ಐವತ್ತು. ಉಳಿದ ನಲವತ್ತೊಂಬತ್ತರಲ್ಲಿ ಬಹುಪಾಲು ಅವರ ಬಳಿ ಇದ್ದವೇ ಆಗಿರುತ್ತವೆ.

ಒಂದೇ ಹೆಸರೆಂದರೆ ಒಂದೇ ಪುಸ್ತಕವಲ್ಲ

ಹೆಚ್ಚುವರಿ ಎಂದು ತೀರ್ಮಾನಿಸುವ ಮುನ್ನ ಅದು ನಿಜವಾಗಿಯೂ ಹೆಚ್ಚುವರಿಯೆ ಎಂದು ನೋಡಬೇಕು. ಅಮರ ಚಿತ್ರಕಥೆಯನ್ನೇ ತೆಗೆದುಕೊಳ್ಳಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ, ಇಂಡಿಯಾ ಬುಕ್ ಹೌಸ್ ಸಂಸ್ಥೆಯಿಂದ 1967ರಲ್ಲಿ ಆರಂಭವಾದ ಮಾಲೆ ಇದು. ಈ ಮಾಲೆಯ ಬೇರು ಕನ್ನಡದಲ್ಲಿದೆ ಎಂಬುದನ್ನು ಅನೇಕರು ಅರಿಯರು. ಅದೇ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಮೊದಲ ಹತ್ತು ಪುಸ್ತಕಗಳು ಪರದೇಶದ ಮಕ್ಕಳ ಕಥೆಗಳಾಗಿ ಕನ್ನಡದಲ್ಲಿ ಬಂದವು. ಪುರಾಣಕಥೆಯ ಮೊದಲ ಪುಸ್ತಕವಾದ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಿದ್ದದ್ದು ಆ ಕಾರಣದಿಂದ. ಮುಂದೆ ಮಾಲೆಗೆ ಹೊಸ ಕ್ರಮಸಂಖ್ಯೆ ಕೊಟ್ಟಾಗ ಅದೇ ‘ಕೃಷ್ಣ’ 501 ಆಯಿತು.

ಆದ್ದರಿಂದ ನಿಮ್ಮ ಕೈಯಲ್ಲಿ ಎರಡು ‘ಕೃಷ್ಣ’ ಇದ್ದು, ಒಂದರ ಮೇಲೆ 11 ಎಂದೂ ಇನ್ನೊಂದರ ಮೇಲೆ 501 ಎಂದೂ ಇದ್ದರೆ, ಓದುವವನಿಗೆ ಅವು ಒಂದೇ, ಸಂಗ್ರಾಹಕನಿಗೆ ಎರಡು. ಸಂಖ್ಯೆಯ ಜೊತೆಗೆ ಮುಖಪುಟದ ಬೆಲೆ, ಒಳಗಿನ ಮುದ್ರಣದ ವಿವರ, ಹಿಂಬದಿಯ ಜಾಹೀರಾತು, ಭಾಷೆ ಇವನ್ನು ಹೋಲಿಸಿ. ಬೆಲೆ ಬೇರೆಯಾಗಿದ್ದರೆ ಮುದ್ರಣವೂ ಬೇರೆ ಎಂದೇ ತಿಳಿಯಿರಿ. ಕನ್ನಡದ ಆ ಮೊದಲ ಹತ್ತರಲ್ಲಿ ಒಂದು ಹರಕು ಪ್ರತಿ ಸಿಕ್ಕರೂ ಅದನ್ನು ಕಟ್ಟಿಗೆ ಸೇರಿಸಬೇಡಿ.

ಇಂದ್ರಜಾಲ ಕಾಮಿಕ್ಸ್‌ನ ಸಂಗತಿ ಬೇರೆ. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚಿಯಲ್ಲಿ ಫ್ಯಾಂಟಮ್ ಕಥೆಯಿಂದ ಇದನ್ನು ಆರಂಭಿಸಿದರು; ಮ್ಯಾಂಡ್ರೇಕ್, ಫ್ಲ್ಯಾಷ್ ಗಾರ್ಡನ್, ಬಹಾದೂರ್ ಇವರೆಲ್ಲ ಆಮೇಲೆ ಬಂದರು. ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಹೊರಟ ಈ ಮಾಲೆ 1990ರಲ್ಲಿ ನಿಂತುಹೋಯಿತು. ಅಮರ ಚಿತ್ರಕಥೆ ಮರುಮುದ್ರಣವಾಗುತ್ತ ಬಂದಿದೆ. ಇಂದು ಅಂಗಡಿಗೆ ಹೋದರೂ ಹೊಸ ಪ್ರತಿ ಸಿಗುತ್ತದೆ. ಇಂದ್ರಜಾಲದ ಹಳೆಯ ಪ್ರತಿಗಳು ಇದ್ದಷ್ಟೇ. ಹರಿದುಹೋದ ಮೇಲೆ ಇನ್ನೂ ಕಡಿಮೆ. ಹೆಚ್ಚುವರಿ ಪ್ರತಿಯ ಬೆಲೆ ಕಟ್ಟುವಾಗ ಈ ಭೇದವನ್ನು ಮರೆಯಬಾರದು.

ಹಳೆಯದೆಲ್ಲ ಹೊನ್ನಲ್ಲ

ಕಾಮಿಕ್ಸ್ ಪುಸ್ತಕವೊಂದು ಕೋಟಿಗಟ್ಟಲೆ ಹಣಕ್ಕೆ ಹರಾಜಾದ ಸುದ್ದಿ ಆಗಾಗ ಕೇಳಿಬರುತ್ತದೆ. ಸುದ್ದಿ ಸುಳ್ಳಲ್ಲ. ಸೂಪರ್‌ಮ್ಯಾನ್ ಮೊತ್ತಮೊದಲು ಕಾಣಿಸಿಕೊಂಡ ಅಮೆರಿಕದ ‘ಆ್ಯಕ್ಷನ್ ಕಾಮಿಕ್ಸ್’ 1938ರ ಮೊದಲ ಸಂಚಿಕೆಯ ಬೆಲೆ 10 ಸೆಂಟು. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಇದನ್ನು ಓದಿದವರು ಅಟ್ಟದ ಪೆಟ್ಟಿಗೆಯತ್ತ ಆಸೆಯ ಕಣ್ಣು ಹಾಯಿಸುವುದು ಸಹಜವೇ.

ಆದರೆ ಆ ಬೆಲೆ ಬಂದದ್ದು ಏಕೆ? ಅಂದಿನ ಹುಡುಗರು ಅದನ್ನು ಓದಿ, ಮಡಿಸಿ ಜೇಬಿಗೆ ಸೇರಿಸಿ, ಹರಿದು ಬಿಸಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರದ್ದಿ ಕಾಗದವನ್ನು ಮನೆಮನೆಯಿಂದ ಸಂಗ್ರಹಿಸಿದರು; ರಾಶಿ ರಾಶಿ ಕಾಮಿಕ್ಸ್ ಅದರಲ್ಲಿ ಹೋಯಿತು. ಯಾರೂ ಜೋಪಾನ ಮಾಡದ್ದರಿಂದ ಉಳಿದದ್ದು ಸ್ವಲ್ಪ. ಸ್ವಲ್ಪವಾದದ್ದರಿಂದಲೇ ಅದಕ್ಕೆ ಬೆಲೆ.

ಈಗ ಇದೇ ಕಥೆಯ ಉತ್ತರಾರ್ಧವನ್ನು ನೋಡಿ. ಹಳೆಯ ಸಂಚಿಕೆಗಳಿಗೆ ಬೆಲೆ ಬಂದದ್ದನ್ನು ಕಂಡ ಜನ 1990ರ ಸುಮಾರಿಗೆ ಹೊಸ ಸಂಚಿಕೆಗಳನ್ನೇ ಐದು ಹತ್ತು ಪ್ರತಿಗಳಂತೆ ಕೊಂಡು ಕೂಡಿಡತೊಡಗಿದರು. ಪ್ರಕಾಶಕರೂ ಅದಕ್ಕೆ ತಕ್ಕಂತೆ ಮುದ್ರಿಸಿದರು. 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಬೇರೆಬೇರೆ ಮುಖಪುಟಗಳಲ್ಲಿ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಬಂದಾಗ ಅದನ್ನು ಕಪ್ಪು ಚೀಲದಲ್ಲಿ ಹಾಕಿ, ಶೋಕಸೂಚಕವಾಗಿ ತೋಳಿಗೆ ಕಟ್ಟುವ ಕಪ್ಪು ಪಟ್ಟಿಯನ್ನೂ ಸೇರಿಸಿ ಮಾರಿದರು. ಅನೇಕರು ಆ ಚೀಲವನ್ನು ಒಡೆಯದೆ ಇಟ್ಟರು. ಫಲವೇನಾಯಿತು? ಎಲ್ಲರೂ ಜೋಪಾನ ಮಾಡಿದ್ದರಿಂದ ಯಾರಿಗೂ ಅದು ದುರ್ಲಭವಾಗಲಿಲ್ಲ. ಮೂವತ್ತು ವರ್ಷ ಕಳೆದ ಮೇಲೂ ಅವುಗಳ ಸಾಧಾರಣ ಪ್ರತಿಗಳು ಅಗ್ಗಕ್ಕೇ ಸಿಗುತ್ತವೆ.

ಇದರಿಂದ ತಿಳಿಯುವ ನೀತಿ ಸರಳ. ಬೆಲೆ ಬರುವುದು ವಯಸ್ಸಿನಿಂದಲ್ಲ. ಬೇಡುವವರು ಹೆಚ್ಚಿದ್ದು ಉಳಿದ ಪ್ರತಿ ಕಡಿಮೆಯಿದ್ದರೆ ಮಾತ್ರ. ಒಂದೇ ಸಂಚಿಕೆ ನಿಮ್ಮ ಮನೆಯಲ್ಲೇ ಮೂರು ಸಲ ಬಂದು ಸೇರಿದೆಯೆಂದರೆ, ನೆರೆಮನೆಯಲ್ಲೂ ಅದು ಇದ್ದೀತು ಎಂದು ಊಹಿಸುವುದೇ ಲೇಸು.

ವಿಂಗಡಿಸುವ ಕ್ರಮ

ಒಂದು ರಜೆಯ ದಿನ ನೆಲದ ಮೇಲೆ ಹಳೆಯ ಸೀರೆಯೊಂದನ್ನು ಹಾಸಿ, ಪೆಟ್ಟಿಗೆಗಳನ್ನು ಬರಿದುಮಾಡಿ. ಮೊದಲು ಮಾಲೆಯಂತೆ, ಆಮೇಲೆ ಸಂಖ್ಯೆಯಂತೆ ಜೋಡಿಸಿ. ಒಂದು ನೋಟುಪುಸ್ತಕದಲ್ಲಿ ಸಂಖ್ಯೆ, ಹೆಸರು, ಭಾಷೆ, ಮುಖಪುಟದ ಬೆಲೆ, ಪ್ರತಿಗಳ ಎಣಿಕೆ ಇಷ್ಟನ್ನು ಬರೆಯಿರಿ. ಈ ಪಟ್ಟಿ ಇಲ್ಲದ್ದರಿಂದಲೇ ಬಹುಮಟ್ಟಿಗೆ ಹೆಚ್ಚುವರಿ ಪ್ರತಿಗಳು ಹುಟ್ಟುವುದು. ಅಂಗಡಿಗೆ ಹೋಗುವಾಗ ಪಟ್ಟಿ ಕೈಯಲ್ಲಿದ್ದರೆ ಮುಂದೆ ಈ ಕೆಲಸವೇ ಇರದು.

ಒಂದೇ ಮುದ್ರಣದ ಎರಡು ಪ್ರತಿಗಳಲ್ಲಿ ಯಾವುದನ್ನು ಉಳಿಸಬೇಕು? ಹೊರಗಿನ ಹೊಳಪನ್ನು ನೋಡಿ ಮೋಸಹೋಗಬೇಡಿ. ಪುಟಗಳನ್ನು ಎಣಿಸಿ, ನಡುವಿನ ಹಾಳೆ ಪಿನ್ನಿನಿಂದ ಕಳಚಿ ಬಿದ್ದುಹೋಗಿರುವುದುಂಟು. ಪಿನ್ನಿಗೆ ತುಕ್ಕು ಹಿಡಿದಿದೆಯೆ, ಬಹುಮಾನದ ಕೂಪನ್ನನ್ನು ಕತ್ತರಿಸಿದ್ದಾರೆಯೆ, ಪದಬಂಧವನ್ನು ಶಾಯಿಯಲ್ಲಿ ತುಂಬಿದ್ದಾರೆಯೆ, ಹುಳು ತಿಂದಿದೆಯೆ ಎಂದು ನೋಡಿ. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ವಾಚನಾಲಯಗಳ ಮುದ್ರೆಯಿರುವ ಪ್ರತಿಗಳೂ, ಹತ್ತು ಹದಿನೈದನ್ನು ಒಟ್ಟಿಗೆ ಹೊಲಿದು ಅಂಚು ಕತ್ತರಿಸಿ ರಟ್ಟು ಕಟ್ಟಿಸಿದ ಸಂಪುಟಗಳೂ ನಮ್ಮಲ್ಲಿ ಬಹಳ. ಓದಲು ಇವು ಬಲು ಅನುಕೂಲ. ಸಂಗ್ರಾಹಕರು ಮಾತ್ರ ಇವಕ್ಕೆ ಹೆಚ್ಚು ಕೊಡರು. ಒಂದು ಪ್ರತಿಯ ಹಾಳೆ ಕಿತ್ತು ಇನ್ನೊಂದಕ್ಕೆ ಸೇರಿಸುವ ಜಾಣತನ ಬೇಡ; ಆಗ ಎರಡೂ ಕೆಡುತ್ತವೆ.

ಕೊನೆಗೆ ಮೂರು ರಾಶಿ ಉಳಿಯುತ್ತದೆ: ಇಟ್ಟುಕೊಳ್ಳತಕ್ಕದ್ದು, ಓದಲು ಯೋಗ್ಯವಾದ ಹೆಚ್ಚುವರಿ, ಓದಲಾಗದಷ್ಟು ಜೀರ್ಣವಾದದ್ದು.

ಇಲ್ಲಿ ಒಂದು ಮಾತನ್ನು ತಪ್ಪದೆ ಹೇಳಬೇಕು. ಎರಡನೆಯ ರಾಶಿಯನ್ನು ಬಾಗಿಲು ದಾಟಿಸುವ ಮುನ್ನ ಒಳಪುಟದಲ್ಲಿ ಬರೆದಿರುವ ಹೆಸರುಗಳನ್ನು ನೋಡಿ. ಮದುವೆಯಾಗಿ ಬೇರೆ ಊರು ಸೇರಿದ ತಂಗಿಯ ಹೆಸರು ವಕ್ರವಕ್ರವಾದ ಮಕ್ಕಳ ಅಕ್ಷರದಲ್ಲಿ ಇದ್ದೀತು. ತೀರಿಕೊಂಡ ತಂದೆಯವರು ‘ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ’ ಎಂದು ಬರೆದು ಕೊಟ್ಟದ್ದಿದ್ದೀತು. ಪೇಟೆಯಲ್ಲಿ ಆ ಬರಹ ಪುಸ್ತಕದ ಬೆಲೆಯನ್ನು ತಗ್ಗಿಸುತ್ತದೆ. ಮನೆಯಲ್ಲಿ ಅದೇ ಪುಸ್ತಕದ ಬೆಲೆ. ಅಂಥ ಪ್ರತಿ ಹರಕಾಗಿದ್ದರೂ ಅದನ್ನೇ ಉಳಿಸಿಕೊಂಡು, ಅಚ್ಚುಕಟ್ಟಾಗಿರುವ ಇನ್ನೊಂದನ್ನು ಕಳಿಸಿಬಿಡಿ. ಇಲ್ಲವೆ ಅದರ ಒಡೆಯರಿಗೆ ಒಂದು ಮಾತು ಕೇಳಿ. ಪುಸ್ತಕ ಹೋದ ಮೇಲೆ ‘ಅಣ್ಣಾ, ನನ್ನದನ್ನೂ ಕೊಟ್ಟುಬಿಟ್ಟೆಯಾ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಕಳಿಸುವ ದಾರಿಗಳು

ಮೊದಲನೆಯ ದಾರಿ ವಿನಿಮಯ. ಇದೇ ಹವ್ಯಾಸದವರು ನಿಮ್ಮ ಪರಿಚಯದಲ್ಲಿ ಇಬ್ಬರಿದ್ದರೂ ಸಾಕು, ಪಟ್ಟಿಗಳನ್ನು ಅದಲುಬದಲು ಮಾಡಿಕೊಳ್ಳಿ. ನಿಮಗೆ ಹೆಚ್ಚಾದದ್ದು ಅವರಿಗೆ ಕೊರತೆಯಾಗಿರಬಹುದು. ಎರಡಕ್ಕೆ ಒಂದು, ಮೂರಕ್ಕೆ ಒಂದು ಎಂದರೂ ಚೌಕಾಸಿ ಮಾಡದೆ ಒಪ್ಪಿಕೊಳ್ಳಿ; ನಿಮಗೆ ಸಂಗ್ರಹವೂ ತುಂಬುತ್ತದೆ, ಜಾಗವೂ ಬಿಡುವಾಗುತ್ತದೆ.

ಎರಡನೆಯದು ಮಾರಾಟ. ಒಂದೊಂದಾಗಿ ಮಾರಿದರೆ ಹೆಚ್ಚು ಹಣ ಬಂದೀತೆಂದು ತೋರುತ್ತದೆ. ಲೆಕ್ಕ ಹಾಕಿ ನೋಡಿ. ಮೂವತ್ತು ರೂಪಾಯಿಗೆ ಹೋಗಬಹುದಾದ ಒಂದು ಪುಸ್ತಕಕ್ಕೆ ಫೋಟೋ ತೆಗೆಯಬೇಕು, ವಿವರ ಬರೆಯಬೇಕು, ವಿಚಾರಿಸಿದ ನಾಲ್ವರಿಗೆ ಉತ್ತರ ಕೊಡಬೇಕು, ರಟ್ಟಿನ ನಡುವೆ ಇಟ್ಟು ಕಟ್ಟಬೇಕು, ಅಂಚೆ ಕಚೇರಿಗೆ ಹೋಗಿ ಬರಬೇಕು. ಅಂಚೆಯ ವೆಚ್ಚವೇ ಪುಸ್ತಕದ ಬೆಲೆಯನ್ನು ಮೀರೀತು. ಆದ್ದರಿಂದ ಅಪರೂಪದ ನಾಲ್ಕಾರನ್ನು ಬಿಡಿಯಾಗಿ ಮಾರಿ, ಮಿಕ್ಕದ್ದನ್ನು ಇಪ್ಪತ್ತೈದು ಐವತ್ತರ ಕಟ್ಟುಗಳಾಗಿ ಕೊಡುವುದು ಜಾಣತನ. ಕಟ್ಟಿನೊಳಗೆ ಏನಿದೆಯೆಂದು ಚೀಟಿ ಬರೆದಿಡಿ. ಹರಕು ಇದ್ದರೆ ಹರಕೆಂದೇ ಬರೆಯಿರಿ.

ಬೆಂಗಳೂರಿನ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟುಗಳಲ್ಲಿರುವಂತೆ ಅನೇಕ ಊರುಗಳಲ್ಲಿ ಹಳೆಯ ಪುಸ್ತಕದ ಅಂಗಡಿಗಳಿವೆ. ಅಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗೆ:

‘ಇದಕ್ಕೆ ಎಷ್ಟು ಕೊಡ್ತೀರಿ ಸ್ವಾಮಿ?’

‘ಇದೇ ನಂಬರು ನನ್ನ ಹತ್ರಾನೇ ಆರು ಕೂತಿವೆ ಸಾರ್. ಎಲ್ಲ ಒಟ್ಟಿಗೆ ಕೊಡೋದಾದ್ರೆ ಹೇಳಿ, ಒಂದು ರೇಟು ಹೇಳ್ತೀನಿ.’

ಆ ರೇಟು ಕಡಿಮೆಯೆನಿಸಿದರೆ ಬೇಸರಪಡಬೇಡಿ. ಅಂಗಡಿಯವನು ಬಾಡಿಗೆ ಕೊಟ್ಟು, ವರ್ಷಗಟ್ಟಲೆ ಕಪಾಟಿನಲ್ಲಿಟ್ಟು ಕಾಯಬೇಕು. ಹಣಕ್ಕೆ ಬದಲು ನಿಮಗೆ ಬೇಕಾದ ಬೇರೆ ಪುಸ್ತಕಗಳನ್ನು ಕೇಳಿದರೆ ಅವನು ಇನ್ನೂ ಸ್ವಲ್ಪ ಉದಾರಿಯಾಗುವುದುಂಟು.

ಮೂರನೆಯ ದಾರಿ ದಾನ. ಬೆಲೆಯಿಲ್ಲದ ಹೆಚ್ಚುವರಿ ಪ್ರತಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಮಗುವಿಗೆ ಚಿತ್ರಕಥೆಯಷ್ಟು ಸಹಾಯಕವಾದ ಪುಸ್ತಕ ಮತ್ತೊಂದಿಲ್ಲ. ತಿಳಿಯದ ಶಬ್ದವನ್ನು ಚಿತ್ರ ತಿಳಿಸಿಕೊಡುತ್ತದೆ. ಮುಂದೇನಾಯಿತೆಂಬ ಕುತೂಹಲ ಪುಟ ತಿರುವಿಸುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸೆಳೆಯಲು 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ನಿಮ್ಮ ಸ್ವಂತ ಹಳ್ಳಿಯ ಗ್ರಂಥಾಲಯ, ಸರ್ಕಾರಿ ಪ್ರಾಥಮಿಕ ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಯ ಮಕ್ಕಳ ವಾರ್ಡು ಇವುಗಳಲ್ಲಿ ಎಲ್ಲಿ ಬೇಕೆಂದು ಮೊದಲೇ ವಿಚಾರಿಸಿ, ಒಪ್ಪಿದ ಮೇಲೆ ಒಯ್ಯಿರಿ. ಕೇಳದೆ ಇಳಿಸಿ ಬರುವುದು ದಾನವಲ್ಲ, ನಮ್ಮ ಅಟ್ಟದ ಹೊರೆಯನ್ನು ಇನ್ನೊಬ್ಬರ ಮೇಲೆ ಹೊರಿಸಿದಂತೆ. ಮಕ್ಕಳ ವಯಸ್ಸಿಗೆ ತಕ್ಕದ್ದನ್ನು ಆರಿಸಿ. ಕೊನೆಯ ಪುಟವಿಲ್ಲದ ಪುಸ್ತಕವನ್ನು ಕೊಡಬೇಡಿ. ಕಳ್ಳ ಸಿಕ್ಕಿಬಿದ್ದನೋ ಇಲ್ಲವೋ ತಿಳಿಯದೆ ಮಗು ಎಷ್ಟು ಪರಿತಪಿಸೀತು!

ಪುಸ್ತಕಗಳನ್ನು ಹರಡುವುದು ಸುಲಭವೆಂದು ಎಲ್ಲ ಪುಟಗಳ ಚಿತ್ರ ತೆಗೆದು ಹಂಚುವವರೂ ಇದ್ದಾರೆ. ಕೊಂಡ ಪ್ರತಿಯನ್ನು ಕೊಡುವ, ಮಾರುವ ಹಕ್ಕು ನಿಮ್ಮದು. ಹೊಸ ಪ್ರತಿ ಮಾಡಿ ಹಂಚುವ ಹಕ್ಕು ಕೃತಿಸ್ವಾಮ್ಯ ಉಳ್ಳವರದು.

ನಾಲ್ಕನೆಯದು ರದ್ದಿ. ಮೂರನೆಯ ರಾಶಿಗೆ ಇದೇ ಗತಿ, ಇದರಲ್ಲಿ ಸಂಕೋಚ ಬೇಡ. ಹಳೆಯ ಕಾಮಿಕ್ಸ್ ಬಹುವಾಗಿ ಸುದ್ದಿಕಾಗದದಂಥ ಅಗ್ಗದ ಕಾಗದದಲ್ಲಿ ಮುದ್ರಿತವಾದವು. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ದ್ರವ್ಯ ಬೆಳಕು ಗಾಳಿಗಳ ಸೋಂಕಿನಿಂದ ಕಾಗದವನ್ನು ಹಳದಿಯಾಗಿಸುತ್ತದೆ. ಕಾಗದದಲ್ಲಿ ಹುಟ್ಟುವ ಆಮ್ಲ ಅದನ್ನು ಹಪ್ಪಳದಂತೆ ಮುರಿಯುವಂತೆ ಮಾಡುತ್ತದೆ. ಮುಟ್ಟಿದರೆ ಪುಡಿಯಾಗುವ ಪ್ರತಿಯನ್ನೂ, ಬೂಷ್ಟು ಹಿಡಿದದ್ದನ್ನೂ, ಗೆದ್ದಲು ಹತ್ತಿದ್ದನ್ನೂ ಮೊದಲು ಬೇರೆಮಾಡಿ ಹೊರಗೆ ಹಾಕಿ. ಏಕೆಂದರೆ ಬೆಲೆಯಿಲ್ಲದ ಆ ಪ್ರತಿಯಿಂದಲೇ ಬೆಲೆಯುಳ್ಳ ಪ್ರತಿಗೆ ಕೇಡು ಹರಡುತ್ತದೆ. ಒತ್ತೊತ್ತಾಗಿ ತುಂಬಿದ ಪೆಟ್ಟಿಗೆಯಲ್ಲಿ ಗಾಳಿಯಾಡದು. ಮಳೆಗಾಲದ ತೇವ ಒಳಗೇ ಉಳಿಯುತ್ತದೆ. ಹೆಚ್ಚುವರಿಯನ್ನು ಕಳೆಯುವುದು ಮಿಕ್ಕದ್ದನ್ನು ಕಾಪಾಡುವ ಮೊದಲ ಉಪಾಯ ಎನ್ನುವುದು ಈ ಕಾರಣದಿಂದ.

ಉಳಿದದ್ದರ ಜೋಪಾನ

ಉಳಿಸಿಕೊಂಡ ಪುಸ್ತಕಗಳನ್ನು ಬಿಸಿಲು ಬೀಳದ, ನೆಲಕ್ಕೂ ಹೊರಗೋಡೆಗೂ ತಾಗದ ಕಪಾಟಿನಲ್ಲಿಡಿ. ಹಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ. ಅದು ಕಾಗದಕ್ಕೆ ತಕ್ಕ ಜಾಗವಲ್ಲ. ಹರಿದುದಕ್ಕೆ ಅಂಟುಪಟ್ಟಿ ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಅದರ ಗೋಂದು ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಎಲ್ಲವನ್ನೂ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರವಿ. ಆ ದಿನ ಮನೆಯ ಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ. ಐನೂರು ಪುಸ್ತಕದ ಪೆಟ್ಟಿಗೆಯನ್ನು ಯಾರೂ ತೆರೆಯರು. ಕೈಗೆ ಎಟಕುವಂತೆ ಜೋಡಿಸಿಟ್ಟ ಇನ್ನೂರು ಪುಸ್ತಕಗಳನ್ನು ಮನೆಯವರೆಲ್ಲರೂ ಓದುತ್ತಾರೆ.