ನಾಯಕ ಬದಲಾದರೂ ಸಂಸ್ಥೆ ಬದಲಾಗದೇಕೆ?

ಸಂಸ್ಥೆಯೊಂದು ಸಂಕಷ್ಟಕ್ಕೆ ಸಿಲುಕಿದಾಗ ಅದರ ಮುಖ್ಯಸ್ಥರನ್ನು ಬದಲಿಸುವುದು ಲೋಕರೂಢಿ. ಹೊಸಬರು ಬಂದೊಡನೆ ಎಲ್ಲವೂ ಸರಿಹೋಗುವುದೆಂದು ನಾವು ನಂಬುತ್ತೇವೆ. ಅನೇಕ ಬಾರಿ ಆ ನಂಬಿಕೆ ಹುಸಿಯಾಗುತ್ತದೆ. ಅಮೆರಿಕದ ವಿಮಾನ ತಯಾರಿಕಾ ಸಂಸ್ಥೆ ಬೋಯಿಂಗ್ ಇದಕ್ಕೆ ತಕ್ಕ ನಿದರ್ಶನ.

ಬೋಯಿಂಗ್ ಒಂದು ಕಾಲದಲ್ಲಿ ಎಂಜಿನಿಯರುಗಳ ಸಂಸ್ಥೆಯೆಂದೇ ಹೆಸರಾಗಿತ್ತು. 1997ರಲ್ಲಿ ಮೆಕ್‌ಡೊನೆಲ್ ಡಗ್ಲಾಸ್ ಅದರಲ್ಲಿ ವಿಲೀನಗೊಂಡ ಬಳಿಕ ವೆಚ್ಚ ಕಡಿತಕ್ಕೂ ಷೇರು ಬೆಲೆಗೂ ಪ್ರಾಧಾನ್ಯ ಹೆಚ್ಚಿತೆಂಬುದು ಅನೇಕರ ಅಭಿಪ್ರಾಯ. 2001ರಲ್ಲಿ ಪ್ರಧಾನ ಕಚೇರಿ ಸಿಯಾಟಲ್‌ನಿಂದ ಶಿಕಾಗೋಗೆ ಸ್ಥಳಾಂತರಗೊಂಡು, ವಿಮಾನ ಕಟ್ಟುವವರಿಂದ ನಿರ್ಧಾರ ಕೈಗೊಳ್ಳುವವರು ದೂರವಾದರು.

2018ರ ಅಕ್ಟೋಬರ್ ಹಾಗೂ 2019ರ ಮಾರ್ಚ್ ತಿಂಗಳಿನಲ್ಲಿ ಎರಡು 737 ಮ್ಯಾಕ್ಸ್ ವಿಮಾನಗಳು ಇಂಡೋನೇಷ್ಯಾ ಮತ್ತು ಇಥಿಯೋಪಿಯಾಗಳಲ್ಲಿ ಪತನಗೊಂಡು 346 ಮಂದಿ ಅಸುನೀಗಿದರು. ಮುಖ್ಯಾಧಿಕಾರಿ ಡೆನ್ನಿಸ್ ಮ್ಯುಲೆನ್‌ಬರ್ಗ್ ಪದಚ್ಯುತರಾದರು. 2020ರ ಜನವರಿಯಲ್ಲಿ ಡೇವಿಡ್ ಕ್ಯಾಲ್ಹೌನ್ ಸುರಕ್ಷತೆಯ ಭರವಸೆಯೊಂದಿಗೆ ಅಧಿಕಾರ ವಹಿಸಿಕೊಂಡರು. ಆದರೆ ಅವರು 2009ರಿಂದಲೂ ಅದೇ ನಿರ್ದೇಶಕ ಮಂಡಳಿಯಲ್ಲಿದ್ದವರು. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ ವಿಮಾನದ ಪಾರ್ಶ್ವದ ಫಲಕವೊಂದು ಹಾರಾಟದ ನಡುವೆಯೇ ಕಳಚಿಬಿತ್ತು. ಅದನ್ನು ಬಿಗಿಹಿಡಿಯಬೇಕಿದ್ದ 4 ಬೋಲ್ಟುಗಳನ್ನು ಕಾರ್ಖಾನೆಯಲ್ಲಿ ಮರಳಿ ಜೋಡಿಸಿರಲೇ ಇಲ್ಲ. ಪ್ರಾಣಹಾನಿ ತಪ್ಪಿದ್ದು ಅದೃಷ್ಟವೇ ಸರಿ.

ನಾಲ್ಕು ವರ್ಷ ಕಳೆದರೂ ಹೀಗೇಕಾಯಿತು? ಮರುತಿಂಗಳು ಪ್ರಕಟವಾದ ತಜ್ಞರ ಸಮಿತಿಯ ವರದಿಯಲ್ಲಿ ಇದಕ್ಕೆ ಉತ್ತರದ ಸುಳಿವಿದೆ. ಸುರಕ್ಷತೆಯ ಬಗೆಗೆ ಹಿರಿಯ ಅಧಿಕಾರಿಗಳ ಮಾತಿಗೂ ನೌಕರರ ಅನುಭವಕ್ಕೂ ಹೊಂದಾಣಿಕೆ ಇರಲಿಲ್ಲ. ಸಂಬಳ, ಬಡ್ತಿಗಳನ್ನು ನಿರ್ಧರಿಸುವ ಮೇಲಧಿಕಾರಿಗೇ ದೂರಿನ ತನಿಖೆಯ ಅಧಿಕಾರವೂ ಇರಬಹುದಾದ ವ್ಯವಸ್ಥೆಯಲ್ಲಿ ನೌಕರರು ದೋಷಗಳನ್ನು ಹೇಳಲು ಹಿಂಜರಿಯುತ್ತಿದ್ದರು.

ಸಂಸ್ಥೆಯೊಂದರ ಸಂಸ್ಕೃತಿ ಭಾಷಣಗಳಿಂದ ರೂಪುಗೊಳ್ಳುವುದಿಲ್ಲ. ಯಾರಿಗೆ ಬಡ್ತಿ ದೊರೆಯಿತು, ತಪ್ಪನ್ನು ಎತ್ತಿ ತೋರಿದವನ ಗತಿ ಏನಾಯಿತು ಎಂಬುದನ್ನು ನೌಕರರು ಮೌನವಾಗಿ ಗಮನಿಸುತ್ತಾರೆ; ಅದರಂತೆಯೇ ನಡೆದುಕೊಳ್ಳುತ್ತಾರೆ. ಈ ನಿಯಮಗಳು ಹಾಗೆಯೇ ಉಳಿದರೆ ಹೊಸ ಮುಖ್ಯಸ್ಥರಿಗೂ ಹಿತವಾದ ಸುದ್ದಿಯಷ್ಟೇ ತಲುಪುತ್ತದೆ. ರೋಗವೇ ಕಾಣದ ವೈದ್ಯರು ಚಿಕಿತ್ಸೆ ನೀಡುವುದಾದರೂ ಹೇಗೆ?

2024ರ ಆಗಸ್ಟ್‌ನಲ್ಲಿ ಹೊರಗಿನಿಂದ ಬಂದ ಕೆಲ್ಲಿ ಆರ್ಟ್‌ಬರ್ಗ್ ಚುಕ್ಕಾಣಿ ಹಿಡಿದು, ಕಾರ್ಖಾನೆಗಳಿಗೆ ಸಮೀಪವಾದ ಸಿಯಾಟಲ್‌ನಲ್ಲಿಯೇ ನೆಲೆಸಲು ನಿರ್ಧರಿಸಿದ್ದು ಸ್ವಾಗತಾರ್ಹ. ಆದರೆ ಅದು ಮೊದಲ ಹೆಜ್ಜೆ ಮಾತ್ರ. ಕಹಿಸತ್ಯ ನುಡಿದ ಸಾಮಾನ್ಯ ನೌಕರನು ನಿರ್ಭಯವಾಗಿ ಮರುದಿನ ಕೆಲಸಕ್ಕೆ ಬರುವಂತಾದಾಗಲೇ ಬದಲಾವಣೆ ನಿಜವಾಗುತ್ತದೆ. ವರ್ಷವರ್ಷವೂ ಕಾರ್ಯಕಾರಿ ಸಮಿತಿಗಳನ್ನು ಆರಿಸುವ ನಮ್ಮ ಸಂಘ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆಯೆಂದು ನಾವು ಭಾವಿಸುತ್ತೇವೆ.