ಕೀಲಿಕೈ ಪಡೆಯುವ ದಿನದ ಕಾಗದ

ಶಿಕಾರಿಪುರ, ಸೊರಬದ ಕಡೆಯಿಂದ ಓದಿಗೋ ನೌಕರಿಗೋ ಜರ್ಮನಿಗೆ ಹೊರಡುವವರಿಗೆ ಬಾಡಿಗೆ ಮನೆಯ ಮೊದಲ ಪಾಠ ಆಗುವುದು ಬಹುಮಟ್ಟಿಗೆ ಬೆಂಗಳೂರಿನಲ್ಲಿ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಮನೆ ಬಿಡುವಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ಮಾಮೂಲು. ಎಷ್ಟು ವಾಪಸ್ ಬರುತ್ತದೆಂಬುದು ಮಾಲೀಕರ ಮನಸ್ಸಿಗೆ ಬಿಟ್ಟದ್ದು. ಜರ್ಮನಿಯ ಕಾನೂನು ಇದಕ್ಕಿಂತ ಬಿಗಿ. ಠೇವಣಿ ಮೂಲ ಬಾಡಿಗೆಯ 3 ತಿಂಗಳ ಮೊತ್ತ ಮೀರುವಂತಿಲ್ಲ, ಹೀಟಿಂಗ್ ಮತ್ತಿತರ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ. ಹಣವನ್ನು 3 ಕಂತುಗಳಲ್ಲಿ ಕಟ್ಟಬಹುದು. ಮಾಲೀಕರು ಅದನ್ನು ತಮ್ಮ ಸ್ವಂತ ಹಣದೊಂದಿಗೆ ಬೆರೆಸದೆ ಬೇರೆ ಇಡಬೇಕು. ಆದರೆ ಮನೆ ಯಾವ ಸ್ಥಿತಿಯಲ್ಲಿ ಕೈಗೆ ಬಂತೆಂದು ತೋರಿಸಲು ಏನೂ ಇಲ್ಲದಿದ್ದರೆ ಈ ರಕ್ಷಣೆ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಮಂಚ, ಪಾತ್ರೆ, ಇಂಟರ್ನೆಟ್‌ಗಿಂತ ಮೊದಲು ಆಗಬೇಕಾದದ್ದು ಹಸ್ತಾಂತರದ ದಾಖಲೆ: ಕರೆಂಟು, ನೀರು, ಹೀಟರ್ ಮೀಟರುಗಳ ಅಂಕಿ, ಕೀಲಿಕೈಗಳ ಎಣಿಕೆ, ಗೋಡೆಯ ಬಿರುಕು, ನೆಲದ ಗೀರು, ಕೊನೆಗೆ ಇಬ್ಬರ ಸಹಿ. ಅಡುಗೆಮನೆ ಇದೆಯೇ ಎಂದೂ ಮೊದಲೇ ಕೇಳಬೇಕು. ಸಿಂಕು, ಒಲೆ, ಕಪಾಟು ಏನೂ ಇಲ್ಲದೆ ಗೋಡೆಯಿಂದ ನೀರಿನ ಪೈಪು ಮಾತ್ರ ಚಾಚಿಕೊಂಡಿರುವ ಮನೆಗಳು ಅಲ್ಲಿ ಸಾಮಾನ್ಯ.

ಹೆಚ್ಚಿನ ಜಗಳ ಹುಟ್ಟುವುದು ಬೂಷ್ಟಿನಿಂದ. ಮಲೆನಾಡಿನವರಿಗೆ ಬೂಷ್ಟು ಹೊಸದಲ್ಲ, ಆದರೆ ಹೆಂಚಿನ ಸಂದಿಯಲ್ಲಿ ಗಾಳಿ ತಾನೇ ಓಡಾಡುವ ನಮ್ಮ ಮನೆಗಳಂತಲ್ಲ ಅಲ್ಲಿಯವು. ಚಳಿಗಾಲದಲ್ಲಿ ಕಿಟಕಿ ಬಿಗಿಯಾಗಿ ಮುಚ್ಚಿ ಅನ್ನ, ಸಾರು ಕುದಿಸಿ, ಒದ್ದೆ ಬಟ್ಟೆಯನ್ನೂ ಒಳಗೇ ಹರವಿದರೆ ಆ ತೇವ ತಣ್ಣನೆಯ ಮೂಲೆಯಲ್ಲಿ ಕೂತು ಕಪ್ಪಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯುವುದು ಬಾಡಿಗೆದಾರರ ಹೊಣೆಯೆಂದೇ ಅಲ್ಲಿ ಎಣಿಸುತ್ತಾರೆ. ಬಂದ ದಿನವೇ ಮೂಲೆಯಲ್ಲಿ ಕಲೆ ಇತ್ತೆಂದು ಬರೆಸದಿದ್ದರೆ, ಹಳೆಯ ಬೂಷ್ಟಿನ ಖರ್ಚೂ ಹೊಸಬರ ತಲೆಗೆ ಬರಬಹುದು.

ಮೊದಲ ದಿನವೇ ಹೀಗೆ ಬರೆಸಿದರೆ ಮಾಲೀಕರನ್ನು ಅನುಮಾನಿಸಿದಂತಲ್ಲವೇ ಎಂಬ ಸಂಕೋಚ ನಮ್ಮವರದು. ಅದು ಬೇಕಿಲ್ಲ, ಹಾಗೆ ಬರೆದಿಡುವುದು ಅಲ್ಲಿನ ವಾಡಿಕೆ, ಮಾಲೀಕರಿಗೂ ಅದರಿಂದ ರಕ್ಷಣೆಯಿದೆ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಮ್ಯೂನಿಕ್, ಬರ್ಲಿನ್‌ಗಳಲ್ಲಿ ಮನೆ ಸಿಗುವುದೇ ಕಷ್ಟ, ಹೊಸಬರು ಷರತ್ತು ಹಾಕಿದರೆ ಮನೆಯೇ ಕೈತಪ್ಪೀತು. ಆದರೆ ಈ ದಾಖಲೆ ಕರಾರಿಗೆ ಸಹಿ ಬಿದ್ದ ಮೇಲೆ, ಕೀಲಿಕೈ ಪಡೆಯುವಾಗ ಆಗುವಂಥದ್ದು. ಮಾಲೀಕರು ಒಲ್ಲೆನೆಂದರೆ ಸಾಕ್ಷಿಗೊಬ್ಬರನ್ನು ಕರೆದುಕೊಂಡು ಹೋಗಿ, ಫೋಟೊ ತೆಗೆದು, ಅವರಿಗೆ ಅಂದೇ ಇಮೇಲ್ ಮಾಡಿದರೂ ಆಯಿತು. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಲು ಮಾಲೀಕರ ದೃಢೀಕರಣ ಪತ್ರ ಹೇಗೂ ಬೇಕು; ಅದನ್ನೂ ಆಗಲೇ ಕೇಳಿ ಪಡೆಯಬಹುದು. ಅರ್ಥವಾಗದ ಜರ್ಮನ್ ಸಾಲಿಗೆ ಮಾತ್ರ ಸಹಿ ಹಾಕಬಾರದು. ಬಲ್ಲವರಿಂದ ಓದಿಸಿಕೊಳ್ಳಲು ಒಂದು ದಿನ ತಡವಾದರೂ ಚಿಂತೆಯಿಲ್ಲ.